ಉಟ್ಟು ಕಳಿಸಿದ ಸೀರೆಗಳು

ಮಲ್ಲಿಕಾ ಫೋಟೊ ತೆಗೆಯುವಾಗ ನನ್ನ ತಲೆಯನ್ನು ಬಿಟ್ಟುಬಿಡುತ್ತಿದ್ದಳು. ಭುಜದಿಂದ ಕೆಳಗೆ, ಪಾದದವರೆಗೆ. ಕೊರಳು ಬೇಡ, ಅಲ್ಲಿ ಏನೂ ಇಲ್ಲದ್ದು ಕಾಣುತ್ತದೆ ಎಂದು ಮೊದಲ ದಿನವೇ ಸೆರಗನ್ನು ಎತ್ತಿ ಹೊದಿಸಿದಳು.

ಮಲ್ಲಿಕಾ ನನ್ನ ಗಂಡನ ತಂಗಿ. ಹದಿನೇಳು ವರ್ಷ, ಪಿಯುಸಿ ಎರಡನೆಯ ವರ್ಷ. ಆಗ ಮಹಾಂತೇಶ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಎಲೆತೋಟದ ಪಂಪ್‌ಸೆಟ್ಟಿನ ತಂತಿ. ಅದರ ಬಗ್ಗೆ ಇಷ್ಟು ಸಾಕು. ತವರಿಗೆ ಹೋಗು ಎಂದು ಯಾರೂ ಹೇಳಲಿಲ್ಲ, ಇರು ಎಂದೂ ಹೇಳಲಿಲ್ಲ. ಸವಣೂರಿನ ಆ ಮನೆಯಲ್ಲಿ ಉಳಿದುಕೊಂಡೆ.

ವ್ಯಾಪಾರ ಶುರುವಾದದ್ದು ಆಷಾಢದಲ್ಲಿ. ಸೂರತ್ತಿನ ಒಬ್ಬ ವ್ಯಾಪಾರಿಯ ಗ್ರೂಪಿಗೆ ಮಲ್ಲಿಕಾ ಸೇರಿಕೊಂಡಳು. ಅವನು ಕಳಿಸಿದ ಸೀರೆಯ ಚಿತ್ರಗಳನ್ನು ತನ್ನ ಗೆಳತಿಯರ ಅವ್ವಂದಿರಿಗೆ, ಅವರ ಅಕ್ಕತಂಗಿಯರಿಗೆ ಕಳಿಸುವುದು; ಆರ್ಡರ್ ಬಂದರೆ ಅವನಿಗೆ ತಿಳಿಸುವುದು. ಮೊದಲ ತಿಂಗಳೇ ಹಾನಗಲ್ಲಿನ ಒಬ್ಬ ಹೆಂಗಸು ಫೋನು ಮಾಡಿ ಬೈದಳು. ಚಿತ್ರದಲ್ಲಿದ್ದ ಜರಿ ಅಂಚು ಬಂದ ಸೀರೆಯಲ್ಲಿ ಇರಲಿಲ್ಲ.

"ಚಿತ್ರದಾಗಿಂದು ನೀ ಉಟಗೊಂಡು ನನಗ ಇದನ್ನ ಕಳಿಸಿಯೇನು?"

ಮಲ್ಲಿಕಾ ಅರ್ಧ ಗಂಟೆ ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, ಇನ್ನು ಮೇಲೆ ಸೀರೆ ಮನೆಗೆ ತರಿಸಿ, ಅದರದ್ದೇ ಫೋಟೊ ತೆಗೆದು, ಅದನ್ನೇ ಕಳಿಸುವುದು ಎಂದಳು. ಪ್ರತಿ ಫೋಟೊದ ಕೆಳಗೆ "ನೋಡಿದ್ದ ಬರ್ತೈತಿ" ಎಂದು ಬರೆಯತೊಡಗಿದಳು.

"ಗೊಂಬಿ ತರಬೇಕಂದ್ರ ಹುಬ್ಬಳ್ಳಿಗೆ ಹೋಗಬೇಕು ವೈನಿ. ಅದಕ್ಕ ಕೈ ಬ್ಯಾರೆ ಇರೂದಿಲ್ಲಂತ."

"ನೀನ ಉಡು."

"ನಾ ಉಟ್ರ ಬಡಿಗಿಗೆ ಸುತ್ತಿದಂಗ ಕಾಣ್ತೈತಿ. ಮ್ಯಾಲೆ ಅಪ್ಪಗ ಗೊತ್ತಾದ್ರ ಮುಗೀತು. ನೀವು ಎತ್ತರ ಅದೀರಿ. ನೀವ ಗೊಂಬಿ ಆಗ್ರಿ."

ಆಗಲಿ ಎಂದೆ. ಗೊಂಬೆಯಾಗಲು ನನಗೆ ಆಗ ಹೆಚ್ಚಿನ ಶ್ರಮ ಬೇಕಿರಲಿಲ್ಲ.

ಮಾವ ಉಳಿವೆಪ್ಪನವರು ಮಗಳ ವ್ಯಾಪಾರಕ್ಕೆ ಅಡ್ಡ ಬಂದಿರಲಿಲ್ಲ. ಅವಳು ಧಾರವಾಡದಲ್ಲಿ ಬಿ.ಎಸ್ಸಿ. ಓದುತ್ತೇನೆ ಎಂದದ್ದಕ್ಕೂ ಹೂಂ ಎಂದಿದ್ದರು. "ಕಳಸ್ತೇನಿ. ಮನಿಗೆ ಮಾತು ಬರಬಾರದು, ಅಷ್ಟ." ನಾನು ಎಂ.ಎ. ಓದಿದ್ದು ಧಾರವಾಡದಲ್ಲಿ. ಮಲ್ಲಿಕಾ ಸೀರೆ ಮಡಿಸುತ್ತ ಹಾಸ್ಟೆಲ್ಲಿನ ಕೋಣೆಯಲ್ಲಿ ಎಷ್ಟು ಮಂದಿ, ಕಿಟಕಿಯಿಂದ ಏನು ಕಾಣುತ್ತದೆ, ಸಪ್ತಾಪುರದ ಖಾನಾವಳಿಯಲ್ಲಿ ಹುಡುಗಿಯರು ಒಬ್ಬರೇ ಹೋಗಿ ಉಣ್ಣುತ್ತಾರೇನು ಎಂದೆಲ್ಲ ಕೇಳುತ್ತಿದ್ದಳು. ಉಣ್ಣುತ್ತಾರೆ ಎಂದರೆ ಮತ್ತೊಮ್ಮೆ ಕೇಳುತ್ತಿದ್ದಳು.

ಬೆಳಗ್ಗೆ ಒಂಬತ್ತಕ್ಕೆ ಅತ್ತೆ ಮಾವ ಬುತ್ತಿ ಕಟ್ಟಿಕೊಂಡು ಎಲೆತೋಟಕ್ಕೆ ಹೋಗುವರು. ಮಲ್ಲಿಕಾಳ ಕಾಲೇಜು ಮಧ್ಯಾಹ್ನದ ಪಾಳಿ. ಹತ್ತಕ್ಕೆ ಬೆಳಕಿಂಡಿಯಿಂದ ಬಿಸಿಲು ಇಳಿದು ಪಡಸಾಲೆಯ ನೀಲಿ ಗೋಡೆಯ ಮೇಲೆ ಚಾಪೆಯಷ್ಟು ಅಗಲ ಬೀಳುತ್ತಿತ್ತು. ಅದರಲ್ಲಿ ನಾನು ನಿಲ್ಲುತ್ತಿದ್ದೆ.

ಮೊದಲ ವಾರದ ಫೋಟೊಗಳನ್ನು ಯಾರೂ ಕೇಳಲಿಲ್ಲ. ಮಲ್ಲಿಕಾ ಬಹಳ ಹೊತ್ತು ಫೋನು ನೋಡುತ್ತ ಕುಳಿತಿದ್ದು, ನನ್ನ ಮುಖ ನೋಡದೆ ಹೇಳಿದಳು.

"ಕೈ ಬರೇ ಅದಾವಲ್ಲ ವೈನಿ. ಅದಕ್ಕ ಇರಬೇಕು."

ಮರುದಿನ ಅವಳು ಪೇಟೆಯಿಂದ ಹಸಿರು ಗಾಜಿನ ಬಳೆ ತಂದಳು. ಎಡಗೈಗೆ ಮಾತ್ರ ಹಾಕಿಕೊಂಡೆ. ಬಲಗೈಯನ್ನು ನೆರಿಗೆಯ ಹಿಂದೆ ಇಟ್ಟುಕೊಳ್ಳುತ್ತಿದ್ದೆ. ಎರಡೂ ಕೈಗೆ ಹಾಕಿಕೊಳ್ಳುವುದು ನನ್ನಿಂದ ಆಗಲಿಲ್ಲ. ಯಾಕೆ ಎಂದು ಅವಳೂ ಕೇಳಲಿಲ್ಲ. ಫೋಟೊ ಮುಗಿದ ಮೇಲೆ ಬಳೆಗಳನ್ನು ಜೋಳದ ಡಬ್ಬಿಯಲ್ಲಿ ಹೂತಿಡುತ್ತಿದ್ದೆ. ಆ ವಾರ ಮೂರು ಸೀರೆ ಹೋದವು. ಮಲ್ಲಿಕಾ ತನ್ನ ಅಂಗಡಿಗೆ "ಹಸಿರು ಬಳೆ ಸೀರೆಗಳು" ಎಂದು ಹೆಸರಿಟ್ಟಳು. ಶಿಗ್ಗಾವಿ, ಹಾನಗಲ್ಲು, ಹಿರೇಕೆರೂರಿನವರೆಗೂ ಆ ಕೈ ಫೋನಿನಿಂದ ಫೋನಿಗೆ ಹೋಯಿತು.

ಎಡಗೈ ಹೆಬ್ಬೆರಳಿನ ಕೆಳಗೆ ನನಗೊಂದು ಸುಟ್ಟ ಗಾಯದ ಕಲೆ ಇದೆ. ರೊಟ್ಟಿಯ ಹಂಚು ತಗುಲಿದ್ದು, ಉಗುರು ಕತ್ತರಿಸಿ ಎಸೆದಂತೆ ಬಾಗಿದೆ. ಬಳೆ ಸರಿದಾಗ ಕಾಣುತ್ತಿತ್ತು.

ಕಾರ್ತಿಕದಲ್ಲಿ ಅಡಿವೆವ್ವ ಬಂದಳು. ಬಂದಳು ಎಂದರೆ ಫೋನಿನಲ್ಲಿ ಒಂದು ಹೆಸರು, ಹೆಸರಿನ ಪಕ್ಕದಲ್ಲಿ ಕೆಂಪು ದಾಸವಾಳದ ಚಿತ್ರ. ವಿಳಾಸ ಅಬಲೂರು, ಹಿರೇಕೆರೂರು ತಾಲ್ಲೂಕು. "ಹಳದಿದು ನಮಗಿರಲಿ. ಮಂದಿಗೆ ಕೊಡಬ್ಯಾಡ್ರಿ" ಎಂದು ಮೊದಲ ಮಾತು. ದುಡ್ಡು ಅದರ ಬೆನ್ನಿಗೇ ಬಂದಿತ್ತು.

ಉಳಿದವರೆಲ್ಲ ಸೀರೆ ಕೈಗೆ ಬಂದ ಮೇಲೆ ಮುಟ್ಟಿ, ಬಿಸಿಲಿಗೆ ಹಿಡಿದು, ಎರಡು ಕುಂದು ಹೇಳಿ ದುಡ್ಡು ಕೊಡುವವರು.

"ಕೇಳದನ ದುಡ್ಡು ಹಾಕ್ಯಾಳ ನೋಡ್ರಿ ವೈನಿ. ದೇವತಿ ಇದ್ದಂಗ ಅದಾಳ."

ಎರಡನೆಯ ಸೀರೆಗೆ ಅಡಿವೆವ್ವ ಬರೆದಳು: "ಫೋಟೊದಾಗ ಉಟ್ಟದ್ದನ್ನ ಕಳಸ್ರಿ. ತೊಳೀಬ್ಯಾಡ್ರಿ, ಇಸ್ತ್ರಿ ಬ್ಯಾಡ." ಒಂದೊಂದು ನಮೂನೆಯದು ಒಂದೊಂದೇ ತರಿಸುತ್ತಿದ್ದುದರಿಂದ ಉಟ್ಟದ್ದೇ ಹೋಗುತ್ತಿತ್ತು. ಇಸ್ತ್ರಿ ಸುಟ್ಟೀತು ಎಂಬ ಹೆದರಿಕೆ ಇರಬೇಕು ಎಂದಳು ಮಲ್ಲಿಕಾ. ಇರಬಹುದು ಎಂದೆ.

ಮೂರನೆಯದರಿಂದ ಕ್ರಮ ತಿರುಗಿತು. ಎಲ್ಲರಿಗೂ ಮೊದಲು ನಾನು ಉಟ್ಟ ಫೋಟೊ, ಆಮೇಲೆ ಮಾರಾಟ. ಅಡಿವೆವ್ವ ಮಾತ್ರ ಸೂರತ್ತಿನವನ ಚಿತ್ರ ನೋಡಿ ತನಗೆ ಬೇಕಾದ್ದು ಹೇಳಿ ಮೊದಲೇ ದುಡ್ಡು ಹಾಕುತ್ತಿದ್ದಳು. ಆಮೇಲೆ ಸೀರೆ ಬರುವುದು, ನಾನು ಉಡುವುದು, ಫೋಟೊ ಅವಳೊಬ್ಬಳಿಗೇ ಹೋಗುವುದು, ಅದರ ಹಿಂದೆ ಸೀರೆ ಹೋಗುವುದು. ಹೆಂಗಸು ತಾನೆ, ಒಂದೊಂದು ಹೆಂಗಸಿಗೆ ಒಂದೊಂದು ಚಟ ಎಂದುಕೊಂಡೆವು.

ಒಂದು ದಿನ ಅವಳು ಕೇಳಿದಳು: "ಕೈಮ್ಯಾಲೆ ಗಾಯ ಯಾತರದ್ರಿ?"

ಮಲ್ಲಿಕಾ ಬರೆದಳು: "ರೊಟ್ಟಿ ಹಂಚಿಂದು."

"ನಮ್ಮ ಮನ್ಯಾಗ ಗ್ಯಾಸ್ ಐತಿ. ಹಂಚು ಮುಟ್ಟೂದ ಬ್ಯಾಡ."

ಮಲ್ಲಿಕಾ ಅದನ್ನು ಓದಿ ನಕ್ಕಳು. "ನೋಡ್ರಿ, ನಿಮಗ ಅಡಗಿ ಕೆಲಸಾನೂ ಬ್ಯಾಡಂತ. ಹೋಗಿಬಿಡ್ರಿ ಅಬಲೂರಿಗೆ." ನಾನೂ ನಕ್ಕೆ ಎಂದು ನೆನಪು.

ಐದನೆಯ ಸೀರೆಗೆ ವಿಳಾಸ ಬದಲಾಯಿತು. ಆಡೂರು, ಹಾನಗಲ್ಲು ತಾಲ್ಲೂಕು. "ಮಗಳ ಮನಿಗೆ ಹೋಗಿರಬೇಕು" ಎಂದಳು ಮಲ್ಲಿಕಾ. ಆಡೂರು ನನಗೆ ಗೊತ್ತಿದ್ದ ಊರು. ಎಂ.ಎ.ಯಲ್ಲಿ ನಾನು ಪ್ರಬಂಧ ಬರೆದದ್ದು ಉಡಕಿಯ ಮೇಲೆ. ಅದಕ್ಕಾಗಿ ಮೂರು ದಿನ ಆ ಊರಿನ ಮುದುಕಿಯರ ಮುಂದೆ ಕುಳಿತಿದ್ದೆ. ಗಂಡ ಸತ್ತವಳಿಗೆ ಇನ್ನೊಬ್ಬ ಸೀರೆ ತರುತ್ತಾನೆ. ಅವಳು ಅದನ್ನು ಉಡುತ್ತಾಳೆ. ಅಲ್ಲಿಗೆ ಮದುವೆಯಾಯಿತು. ಅಕ್ಷತೆ ಇಲ್ಲ, ಮುತ್ತೈದೆಯರು ಹತ್ತಿರ ಬರುವುದಿಲ್ಲ, ಎದುರಿಗೆ ಒಬ್ಬರಿಬ್ಬರು ಹಿರಿಯರಿದ್ದರೆ ಸಾಕು. "ಸೀರೆ ತಂದವನದು, ಉಟ್ಟವಳು ಅವನವಳು" ಎಂದು ಒಬ್ಬ ಮುದುಕಿ ಹೇಳಿದ್ದನ್ನು ಹಾಗೆಯೇ ಬರೆದುಕೊಂಡಿದ್ದೆ. ಮಾರ್ಗದರ್ಶಕರು ಆ ಸಾಲಿನ ಕೆಳಗೆ ಗೆರೆ ಎಳೆದು ಚೆನ್ನಾಗಿದೆ ಎಂದು ಬರೆದಿದ್ದರು.

ಪಾರ್ಸೆಲ್ಲಿನ ಮೇಲೆ ಆಡೂರು ಎಂದು ನಾನೇ ಬರೆದೆ. ಕೈ ತಡೆಯಲಿಲ್ಲ.

ಆರನೆಯದರ ಫೋಟೊ ಹೋದ ದಿನ ಅವಳು ಬರೆದಳು: "ಬಲಗೈ ಮುಂದ ಬಂದೈತಿ ಇವತ್ತ. ಖಾಲಿ ಐತಿ."

ಫೋಟೊ ತೆಗೆದು ನೋಡಿದೆವು. ನೆರಿಗೆ ಸರಿಮಾಡುವಾಗ ಬೆರಳು, ಮಣಿಕಟ್ಟು ಹೊರಗೆ ಬಂದಿದ್ದವು. ಮಲ್ಲಿಕಾ ಉತ್ತರ ಬರೆಯಲಿಲ್ಲ. ಮಾತಾಡಿಸಿಬಿಡೋಣ ಎಂದು ಫೋನು ಮಾಡಿ ಸ್ಪೀಕರಿಗೆ ಹಾಕಿದಳು.

"ಅಕ್ಕಾರ, ನಾವು ಹಸಿರು ಬಳಿಯವರು ಮಾತಾಡೂದು. ಸೀರಿ ಮುಟ್ಟಿದ್ವೇನ್ರಿ?"

ಆ ಕಡೆ ಎತ್ತಿಕೊಂಡವರು ಮಾತಾಡಲಿಲ್ಲ. ಹಿಂದೆ ಗೋವಿನಜೋಳ ಬಿಡಿಸುವ ರಾಶಿ ಮಷೀನಿನ ಸದ್ದು ಕೇಳುತ್ತಿತ್ತು. ತೆನೆ ಒಳಗೆ ಬಿದ್ದಾಗೆಲ್ಲ ಸದ್ದು ಗಂಟಲು ಕಟ್ಟಿದಂತೆ ಆಗಿ ಮತ್ತೆ ಏರುತ್ತಿತ್ತು. ಯಾರೋ ಕೇಳಿಸಿಕೊಳ್ಳುತ್ತಿದ್ದರು. ಮಲ್ಲಿಕಾ ಇನ್ನೆರಡು ಸಲ ಅಕ್ಕಾರ ಎಂದಳು. ಆಮೇಲೆ ತಾನೇ ಇಟ್ಟಳು.

"ಬಂದ್ ಮಾಡು ಈಕಿಗೆ ಕಳಸೂದು" ಎಂದೆ.

"ಕಿವಿ ಕೇಳಸೂದಿಲ್ಲೇನೋ ವೈನಿ. ಇನ್ನೊಂದಕ್ಕ ದುಡ್ಡು ಹಾಕಿಬಿಟ್ಟಾಳ. ಅದೊಂದು ಆಗಿಹೋಗ್ಲಿ."

ಏಳನೆಯದರ ವಿಳಾಸ ಹುಲಗೂರು, ಶಿಗ್ಗಾವಿ ತಾಲ್ಲೂಕು. ಅಬಲೂರು, ಆಡೂರು, ಹುಲಗೂರು. ನಾನು ಮನಸ್ಸಿನಲ್ಲೇ ರಸ್ತೆ ಹಿಡಿದು ನೋಡಿದೆ; ಒಂದೊಂದೂ ನಮ್ಮೂರಿಗೆ ಹತ್ತಿರವಾಗುತ್ತ ಬಂದಿತ್ತು. ಹುಲಗೂರಿನ ದರ್ಗಾಕ್ಕೆ ನಮ್ಮೂರಿನವರು ಬೆಳಗ್ಗೆ ಹೋಗಿ ಊಟದ ಹೊತ್ತಿಗೆ ತಿರುಗಿ ಬರುತ್ತಾರೆ.

ಆ ಸೀರೆಯನ್ನೂ ಉಟ್ಟು ಕಳಿಸಿದೆ.

ಸಂಕ್ರಾಂತಿಯಾಗಿ ನಾಲ್ಕು ದಿನಕ್ಕೆ, ಭಾನುವಾರ ಮಧ್ಯಾಹ್ನ, ಮನೆಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಹಿಂದೆ ರಾಶಿ ಮಷೀನು. ಅದರ ಬಾಯಿಯಲ್ಲಿ ತೆನೆಯ ಸಿಪ್ಪೆ ಇನ್ನೂ ಸಿಕ್ಕಿಕೊಂಡಿತ್ತು. ಓಡಿಸುತ್ತಿದ್ದವನಿಗೆ ನಲವತ್ತೈದು ಇರಬಹುದು. ಬಿಳಿ ಅಂಗಿ, ಕಿವಿಯ ಮೇಲೆ ಜೋಳದ ಧೂಳು. ಅವನು ಇಳಿದು ಮೊದಲು ತನ್ನ ತಾಯಿಯನ್ನು ಕೈಹಿಡಿದು ಇಳಿಸಿದ, ಆಮೇಲೆ ಒಂದು ಚೀಲ ಇಳಿಸಿದ.

"ಹಸಿರು ಬಳಿ ಸೀರಿ ಮಾರವರ ಮನಿ ಇದೇನ್ರಿ?" ಮುದುಕಿ ಕೇಳಿದಳು.

"ಇದ ನೋಡ್ರಿ. ನನ್ನ ಮಗಳು ಮಾಡ್ತಾಳ" ಎಂದರು ಮಾವ. ಅವರ ದನಿಯಲ್ಲಿ ಹೆಮ್ಮೆ ಇತ್ತು. "ಬರ್ರಿ, ಒಳಗ ಬರ್ರಿ. ಕುಂದರ್ರಿ."

ಅತ್ತೆ ಹೊಳೆವ್ವ ಪಡಸಾಲೆಯಲ್ಲಿ ವೀಳ್ಯದೆಲೆ ಜೋಡಿಸುತ್ತ ಕುಳಿತಿದ್ದರು. ಮಲ್ಲಿಕಾ ನೀರು, ಬೆಲ್ಲ ತಂದಿಟ್ಟಳು. ನಾನು ಅಡುಗೆಮನೆಯಲ್ಲಿ ಚಹಾಕ್ಕೆ ಇಟ್ಟೆ. ಬಾಗಿಲಿನಿಂದ ಎಲ್ಲರೂ ಕಾಣುತ್ತಿದ್ದರು.

"ಸೀರಿ ಕೊಳ್ಳಾಕ ಬಂದಿಲ್ರಿ ನಾವು. ಕೊಂಡದ್ದು ತಂದೇವಿ" ಎಂದಳು ಮುದುಕಿ.

"ಹರದಾವೇನ್ರಿ? ಹರದ್ರ ಬದ್ಲಿ ಕೊಡ್ತಾಳ, ನಮ್ಮ ಹುಡುಗಿ ಮೋಸದಾಕಿ ಅಲ್ಲ."

"ಹರದಿಲ್ರಿ. ನೆರಿಗಿ ಸೈತ ಬಿಚ್ಚಿಲ್ಲ."

ಅವಳು ಚೀಲ ಬಿಚ್ಚಿ ಒಂದೊಂದಾಗಿ ಚಾಪೆಯ ಮೇಲೆ ಇಟ್ಟಳು. ಹಳದಿ ಮೇಲೆ ಬಂತು. ಏಳೂ ಸೀರೆ ನಾನು ಮಡಿಸಿ ಕಳಿಸಿದ ಹಾಗೆಯೇ ಇದ್ದವು. ಹಳದಿಯದರ ಸೆರಗಿಗೆ ನಾನು ಮರೆತುಬಿಟ್ಟ ಪಿನ್ನು ಕೂಡ ಅಲ್ಲೇ ಇತ್ತು.

"ನನ್ನ ಹೆಸರು ಗುತ್ತೆವ್ವ. ಇವ ನನ್ನ ಮಗ, ಮಹಾಲಿಂಗಪ್ಪ. ಅಬಲೂರವರು ನಾವು. ಈಗ ಸುಗ್ಗಿ ನೋಡ್ರಿ, ಮಷೀನು ಹೋದಲ್ಲಿ ಹೋಗ್ತೇವಿ. ಅಡಿವೆವ್ವ ಅಂದ್ರ ನನ್ನ ಸೊಸಿ. ತೀರಿಕೊಂಡು ಮೂರು ವರ್ಷಾತು. ಫೋನು ಆಕಿದು. ಇವ ಇಟಗೊಂಡಾನ."

ಮಲ್ಲಿಕಾ ನನ್ನ ಕಡೆ ತಿರುಗಿದಳು. ಅವಳ ತುಟಿಯ ಬಣ್ಣ ಹೋಗಿತ್ತು.

"ಆತು. ಈಗ ಏನಾಗಬೇಕು ಹೇಳ್ರಿ" ಎಂದರು ಮಾವ.

"ಇವನ್ನ ಉಟ್ಟಾಕಿನ್ನ ಕೇಳಾಕ ಬಂದೇವಿ."

"ಉಟ್ಟಾಕಿ? ಇಲ್ಲಿ ಯಾರ್ರಿ ಉಟ್ಟಾರ? ಮಾರೂ ಮಾಲು ಅದು."

ಮಹಾಲಿಂಗಪ್ಪ ಎದ್ದು ಬಂದು ಫೋನನ್ನು ಎರಡೂ ಕೈಯಿಂದ ಮಾವನಿಗೆ ಕೊಟ್ಟ, ಪ್ರಸಾದ ಕೊಡುವಂತೆ. ಮಾವ ಚಷ್ಮಾ ಹಾಕಿಕೊಂಡು ನೋಡಿದರು. ಒಂದರ ಹಿಂದೆ ಒಂದು ಸರಿಸಿದರು. ಅತ್ತೆಯೂ ಬಗ್ಗಿ ನೋಡಿದರು. ಆಮೇಲೆ ಎದುರಿನ ನೀಲಿ ಗೋಡೆ ನೋಡಿದರು. ಆಮೇಲೆ ಅಡುಗೆಮನೆಯ ಬಾಗಿಲಿನಲ್ಲಿ ನಿಂತ ನನ್ನನ್ನು. ಮತ್ತೆ ಎಲೆಗೆ ಕೈಹಾಕಿದರು.

"ನನ್ನ ಮಗಳಿಗೆ ಹದಿನೇಳ್ರಿ ಇನ್ನೂ" ಎಂದರು ಮಾವ. ಅವರ ದನಿ ಇಳಿದಿತ್ತು. "ಕಲಿಯಾಕತ್ತಾಳ."

"ಕಲೀಲಿ. ನಾವೇನು ಪುಸ್ತಕ ಕಸಗೊಳ್ಳಾಕ ಬಂದಿಲ್ಲ. ಹದಿನೆಂಟು ತುಂಬಲಿ, ತಡಿತೇವಿ. ಆದ್ರ ಹಿರಿಯರ, ನೀವು ಬಲ್ಲವರು. ದುಡ್ಡು ನಮ್ಮದು, ಸೀರಿ ನಮ್ಮದು, ಉಟ್ಟು ನಿಂತಾಕಿ ನಿಮ್ಮ ಮನಿಯಾಕಿ. ನಿಶ್ಚಯದಾಗ ಇದಕ್ಕಿಂತ ಹೆಚ್ಚಿಗಿ ಏನ ಇರ್ತೈತಿ?" ಗುತ್ತೆವ್ವ ಕೈ ಚಾಚಿದಳು. "ಬಾ ತಂಗಿ ಇಲ್ಲಿ. ಕೈ ಕೊಡು, ನೋಡ್ತೇನಿ."

ಮಲ್ಲಿಕಾ ಕೈ ಕೊಟ್ಟಳು. ದೊಡ್ಡವರು ಕೇಳಿದರೆ ಕೊಡುವುದು ಅವಳಿಗೆ ರೂಢಿ. ಗುತ್ತೆವ್ವ ಎಡಗೈಯನ್ನು ತಿರುವಿ ಹೆಬ್ಬೆರಳಿನ ಕೆಳಗೆ ಉಜ್ಜಿ ನೋಡಿದಳು.

"ಗಾಯ ಎಲ್ಲಿ ಹೋತು?"

"ಹೋತ್ರಿ... ವಾಸಿ ಆತು."

"ಸುಟ್ಟ ಗಾಯ ಹಂಗ ಹೋಗೂದಿಲ್ಲವ್ವ. ನನಗೂ ಒಲಿ ಗೊತ್ತೈತಿ."

ಅವಳು ಕೈ ಬಿಡಲಿಲ್ಲ. ಮಾವ ಮಗಳನ್ನು ನೋಡುತ್ತಿದ್ದರು. ಆ ನೋಟದಲ್ಲಿ ಧಾರವಾಡ ಮುಗಿದುಹೋಗುತ್ತಿದ್ದದ್ದು ನನಗೆ ಕಂಡಿತು. ನಾನು ಚಹಾದ ತಾಟು ತೆಗೆದುಕೊಂಡು ಹೋಗಿ ಗುತ್ತೆವ್ವನ ಮುಂದೆ ಇಟ್ಟೆ. ಎಡಗೈಯನ್ನು ತಾಟಿನ ಪಕ್ಕದಲ್ಲೇ ಬಿಟ್ಟೆ.

"ಆಕಿನ್ನ ಬಿಡ್ರಿ. ಕೈ ನಂದು."

ಗುತ್ತೆವ್ವ ಕಲೆ ನೋಡಿದಳು. ಆಮೇಲೆ ನನ್ನ ಹಣೆ, ಕೊರಳು.

"ಗಂಡ?"

"ತೀರಿಕೊಂಡು ಹದಿನಾರು ತಿಂಗಳಾತು."

ಅವಳು ಮಲ್ಲಿಕಾಳ ಕೈಯನ್ನು ಮೆಲ್ಲಗೆ ಕೆಳಗೆ ಇಟ್ಟಳು, ತನ್ನದಲ್ಲದ ಪಾತ್ರೆಯನ್ನು ತಿರುಗಿ ಇಡುವ ಹಾಗೆ.

"ಹಂಗಾರ ನಿಶ್ಚಯದ ಮಾತ ಬ್ಯಾಡ ಬಿಡ್ರಿ ಹಿರಿಯರ. ಕನ್ಯಾ ಆಗಿದ್ರ ನಿಶ್ಚಯ ಆತು ಅಂತಿದ್ವಿ. ಈಕಿಗೆ ಉಡಕಿ ಆಗೇ ಹೋಗೈತಿ."

ಮಹಾಲಿಂಗಪ್ಪ ಆಗ ಮೊದಲ ಸಲ ಬಾಯಿ ತೆರೆದ. ಮೆದು ದನಿ. ನನ್ನನ್ನು ನೋಡಲಿಲ್ಲ, ನನ್ನ ಕೈಯನ್ನು ನೋಡಿ ಮಾತಾಡಿದ.

"ನನಗ ಮದ್ಲಿಂದನೂ ಅನುಮಾನ ಇತ್ರಿ. ಮುತ್ತೈದಿ ಒಂದ ಕೈಗೆ ಬಳಿ ಇಡೂದಿಲ್ಲ. ಹುಡುಗ್ಯಾರೂ ಇಡೂದಿಲ್ಲ. ಬಲಗೈ ಕಂಡ ದಿನ ಖರೆ ಆತು. ಆ ಅನುಮಾನಕ್ಕ ಮದ್ಲ ದುಡ್ಡು ಹಾಕತಿದ್ದೆ. ಮೂರನೇದರಿಂದ ಏಳನೇದರ ತನಕ. ಸೀರಿ ನನ್ನದಾದ ಮ್ಯಾಲೆ ಐದು ಸಲ ಉಟ್ಟೀರಿ."

"ಅದು ಮಾರಾಟ" ಎಂದೆ.

"ಹೌದ್ರಿ" ಎಂದ. ವಾದ ಮಾಡುವವನ ದನಿ ಅದಾಗಿರಲಿಲ್ಲ.

ಚಹಾ ಯಾರೂ ಮುಟ್ಟಲಿಲ್ಲ. ಏಳು ಸೀರೆಗಳನ್ನು ಮತ್ತೆ ಕಟ್ಟಿಕೊಂಡರು. ಗುತ್ತೆವ್ವ ಎದ್ದು ಬೇರೊಂದು ಸಣ್ಣ ಚೀಲವನ್ನು ಗೋಡೆಯ ಗೂಟಕ್ಕೆ ತಾನೇ ಹಾಕಿದಳು.

"ಏಳು ಗೊತ್ತಿಲ್ಲದ ಉಟ್ಟಾಳ. ಇದೊಂದು ಗೊತ್ತಿದ್ದು ಉಡಲಿ. ಉಟ್ಟು ಒಂದು ಫೋಟೊ ಕಳಸಲಿ, ಆ ಫೋಟೊ ನಾಲ್ಕು ಹಿರಿಯರಿಗೆ ತೋರಿಸ್ತೇವಿ, ಮುಗೀತು. ಕೈ ಈಕಿದು ಅಂತ ನಾವ ಹೇಳ್ತೇವಿ ಊರಿಗೆ. ಉಡದಿದ್ರ ನಾವೇನು ಜಗಳಕ್ಕ ಬರೂದಿಲ್ಲ. ಫೋ‌ಟೊ ಮಂದಿ ಕೈಯಾಗ ಅದಾವ. ಅಂಗಡಿ ನಿಮ್ಮ ಮಗಳದು. ಮಂದಿ ಯಾರನ್ನ ತಿಳ್ಕೋತಾರ, ತಿಳ್ಕೊಳ್ಳಲಿ."

ಮರುದಿನವೇ ಮಂದಿ ತಿಳಿದುಕೊಂಡಿದ್ದರು. ನಮ್ಮ ಸೀರೆಗಳಿಗೆ ಫಾಲು ಹೊಲಿಯುವ ರಹಿಮಾಬಿ ಹೊಲಿಗೆ ತಿರುಗಿ ಕೊಡುವ ನೆವದಲ್ಲಿ ಬಂದು ಹಿತ್ತಲ ಬಾಗಿಲಲ್ಲಿ ನಿಂತು ಹೇಳಿದಳು.

"ಚಹಾದಂಗಡ್ಯಾಗ ನಿನ್ನ ನಾದಿನಿದು ಮಾತು ನಡದೈತಿ ಬೇಟಿ. ಯಾರೋ ಗಂಡಸಿಗೆ ಫೋಟೊ ಕಳಸ್ತಿದ್ಲಂತ. ತಲಿ ಇಲ್ಲದ ಫೋಟೊ. ತಲಿ ಇಲ್ಲಂದ್ರ ಯಾರ ತಲಿ ಬೇಕಾರೂ ಕೂಡಸ್ತಾರ ಮಂದಿ."

ಮಲ್ಲಿಕಾ ಅಂದು ಕಾಲೇಜಿಗೆ ಹೋಗಿ, ಅರ್ಧಕ್ಕೇ ತಿರುಗಿ ಬಂದಳು. ಪುಸ್ತಕದ ಚೀಲವನ್ನು ಇಳಿಸದೆ ಗೋಡೆಗೆ ಒರಗಿ ಕುಳಿತಳು. ಮಾವ ಸಂಜೆ ನನ್ನನ್ನು ಕರೆದರು.

"ಹೆಸರು ಮಲ್ಲಿಕಾಂದ ಬಿದ್ದೈತಿ ಯವ್ವಾ. ಇದನ್ನ ತಲಿಮ್ಯಾಲೆ ಹೊರಿಸಿ ಧಾರವಾಡಕ್ಕ ಹೆಂಗ ಕಳಸ್ಲಿ? ನಾಳೆ ಅಲ್ಲಿಗೂ ಹೋಗ್ತೈತಿ ಇದು, ಫೋನಿನ್ಯಾಗ. ಮನ್ಯಾಗ ಇಟಗೊಂಡು ಎಲ್ಲ್ಯಾರ ಒಂದು ಕಡೆ ಗಂಡು ನೋಡಿ ಕೊಡೂದ."

"ಹೆಸರು ಆಕಿ ಮ್ಯಾಲಿಂದ ಇಳದ್ರ?"

"ಇಳದ್ರ ಕಳಸ್ತೇನಿ. ನನ್ನ ಮಾತು ಮಾತು." ಎದ್ದು ಹೆಗಲಿಗೆ ಟವೆಲ್ಲು ಹಾಕಿಕೊಂಡರು. "ನಿನಗ ಉಡು ಅಂತ ನಾ ಹೇಳಂಗಿಲ್ಲ."

ಉಡಬೇಡ ಎಂದೂ ಹೇಳಲಿಲ್ಲ. ಗೂಟದ ಚೀಲವನ್ನು ಯಾರೂ ತೆಗೆಯಲಿಲ್ಲ. ಅತ್ತೆ ಗೂಟದ ಕೆಳಗೆ ಕಸ ಗುಡಿಸುವಾಗ ತಲೆ ಬಗ್ಗಿಸಿಕೊಂಡು ಹೋಗುತ್ತಿದ್ದರು.

ಫೋನಿಗೆ ದಿನಾ ಬೆಳಗ್ಗೆ ಹತ್ತಕ್ಕೆ, ಬಿಸಿಲು ಗೋಡೆಗೆ ಬೀಳುವ ಹೊತ್ತಿಗೆ, ದಾಸವಾಳದ ಚಿತ್ರದಿಂದ ಒಂದು ಮಾತು ಬರುತ್ತಿತ್ತು. "ಉಟ್ರೇನು?" ಅಷ್ಟೇ. ಹತ್ತು ಗಂಟೆಯ ವಿಷಯ ನಾವು ಅವನಿಗೆ ಹೇಳಿರಲಿಲ್ಲ. ಫೋಟೊಗಳ ಬೆಳಕಿನಿಂದ ತಿಳಿದುಕೊಂಡಿರಬೇಕು.

ಮೂರನೆಯ ದಿನ ನಮ್ಮ ಓಣಿಯ ಹಿಂದಿನ ಹೊಲದಲ್ಲಿ ಮಷೀನು ಶುರುವಾಯಿತು. ಯಾರದೋ ಗೋವಿನಜೋಳ ರಾಶಿಗೆ ಬಂದಿತ್ತು. ಯಾರೋ ಅವನನ್ನು ಕರೆಸಿದ್ದರು. ಅದರಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಸದ್ದು ಅದೇ. ಗಂಟಲು ಕಟ್ಟಿದಂತೆ ಆಗುವುದು, ಮತ್ತೆ ಏರುವುದು. ಅಡುಗೆಮನೆಯ ತಾಟುಗಳು ನಡುಗುತ್ತಿದ್ದವು.

ನಾಲ್ಕನೆಯ ದಿನ ಬೆಳಗ್ಗೆ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ನಾನು ಹಂಚಿನ ಮುಂದೆ ಇದ್ದೆ. ಹಿಟ್ಟಿನಿಂದ ಕಣ್ಣೆತ್ತದೆ ಹೇಳಿದರು.

"ಹಳದಿದು ನಿನಗ ಒಪ್ಪಿತ್ತು."

ನಾನು ರೊಟ್ಟಿ ತಿರುವಿದೆ. ಅದರ ಒಂದು ಅಂಚು ಸುಟ್ಟಿತು.

"ನಾ ಕಂಡಿದ್ರ ಎರಡೂ ಕೈಗೆ ಬಳಿ ಇಟ್ಕೋ ಅಂತಿದ್ದೆ" ಎಂದರು. ಆಮೇಲೆ ಬುತ್ತಿ ಕಟ್ಟಿಕೊಂಡು ಮಾವನ ಹಿಂದೆ ತೋಟಕ್ಕೆ ಹೋದರು.

ಹತ್ತಕ್ಕೆ ಬಿಸಿಲು ಇಳಿಯಿತು. ನಾನು ಮಲ್ಲಿಕಾಳನ್ನು ಕರೆದೆ.

"ಫೋನು ತಾ."

ಅವಳು ಗೂಟದ ಚೀಲ ನೋಡಿದಳು, ನನ್ನನ್ನು ನೋಡಿದಳು, ಅಳತೊಡಗಿದಳು.

"ಬ್ಯಾಡ ವೈನಿ. ನನಗ ಧಾರವಾಡ ಬ್ಯಾಡ. ನಾ ಎಲಿ ಜೋಡಿಸ್ಕೊಂಡು ಇರ್ತೇನಿ. ಅದನ್ನ ಉಡಬ್ಯಾಡ್ರಿ."

"ಉಡೂದಿಲ್ಲ. ಕಣ್ಣು ಒರಿಸ್ಕೊ, ಕೈ ನಡುಗಿದ್ರ ಫೋಟೊ ಕೆಡ್ತೈತಿ."

ಉಟ್ಟಿದ್ದ ಬೂದು ಬಣ್ಣದ ಹಳೆಯ ಸೀರೆಯಲ್ಲೇ ಗೋಡೆಗೆ ನಿಂತೆ. ಎರಡೂ ಕೈಗಳನ್ನು ಮುಂದೆ ತಂದೆ. ಎರಡೂ ಖಾಲಿ. ಎಡಗೈಯ ಕಲೆ ಬಿಸಿಲಿಗೆ ಬರುವಂತೆ ಹಿಡಿದೆ.

"ಈ ಸಲ ತಲಿ ಬಿಡಬ್ಯಾಡ" ಎಂದೆ.

ಅವಳು ಎರಡು ಹೆಜ್ಜೆ ಹಿಂದೆ ಹೋಗಬೇಕಾಯಿತು. ಇಷ್ಟು ದಿನ ಅವಳು ನಿಲ್ಲುತ್ತಿದ್ದ ಜಾಗದಿಂದ ನನ್ನ ಮುಖ ಹಿಡಿಯುತ್ತಿರಲಿಲ್ಲ.

ಫೋಟೊದ ಕೆಳಗೆ ನಾನೇ ಬರೆದೆ. "ಹಸಿರು ಬಳೆ ಸೀರೆಗಳ ಎಲ್ಲ ಫೋಟೊಗಳಲ್ಲಿ ಇರುವವಳು ನಾನು. ನಾಗರತ್ನಾ, ಮಹಾಂತೇಶ ಅವರ ಹೆಂಡತಿ, ಸವಣೂರು. ಮಲ್ಲಿಕಾ ಒಂದರಲ್ಲೂ ಇಲ್ಲ. ನಾವು ಸೀರೆ ಮಾರಿದ್ದೇವೆ. ನಾನು ಯಾರ ಸೀರೆಯನ್ನೂ ತೆಗೆದುಕೊಂಡಿಲ್ಲ." ಪ್ರಬಂಧ ಬರೆದ ಮೇಲೆ ನಾನು ಇಷ್ಟು ಉದ್ದ ಬರೆದದ್ದು ಅದೇ ಮೊದಲು. ಮಲ್ಲಿಕಾಳ ಎಲ್ಲ ಗ್ರೂಪಿಗೂ, ಸ್ಟೇಟಸ್ಸಿಗೂ ಹಾಕಿಸಿದೆ. ನಾಲ್ಕು ತಾಲ್ಲೂಕಿನ ಹೆಂಗಸರು ಅದರಲ್ಲಿದ್ದರು.

ನೋಡಿದವರ ಹೆಸರುಗಳು ಒಂದರ ಮೇಲೊಂದು ಬರತೊಡಗಿದವು. ಹಾನಗಲ್ಲಿನ ಬೈದ ಹೆಂಗಸು. ಕಾಲೇಜಿನ ಹುಡುಗಿಯರು. ಅವರ ಅವ್ವಂದಿರು. ಮಲ್ಲಿಕಾ ಫೋನು ಹಿಡಿದು ನನ್ನ ಪಕ್ಕದಲ್ಲಿ ಕುಳಿತಿದ್ದಳು. ಯಾರೂ ಏನೂ ಬರೆಯಲಿಲ್ಲ, ನೋಡಿದರು, ಅಷ್ಟೇ. ಸಂಜೆಯೊಳಗೆ ಚಹಾದಂಗಡಿಗೂ ನನ್ನ ತಲೆ ಮುಟ್ಟುತ್ತದೆ. ಮಾವನಿಗೂ.

ಆಮೇಲೆ ಆ ಸಾಲಿನಲ್ಲಿ ದಾಸವಾಳ ಬಂತು.

ಹಿಂದಿನ ಹೊಲದಲ್ಲಿ ಮಷೀನು ನಿಂತಿತು. ತೆನೆ ಸಿಕ್ಕಿಕೊಂಡಿರಬೇಕು, ಮತ್ತೆ ಶುರುವಾಗುತ್ತದೆ ಎಂದು ಕಾದೆವು. ಆಗಲಿಲ್ಲ. ಅಡುಗೆಮನೆಯ ತಾಟುಗಳೂ ಸುಮ್ಮನಾದವು.

"ಹಿತ್ತಲ ಬಾಗಲದಿಂದ ತೋಟಕ್ಕ ಹೋಗು. ಅಪ್ಪನ ಹತ್ರ ಇರು" ಎಂದೆ.

"ನೀವು?"

"ಹೋಗು. ಪುಸ್ತಕ ತಗೊಂಡು ಹೋಗು."

ಅವಳು ಹೋದ ಮೇಲೆ ಗೂಟದಿಂದ ಚೀಲ ತೆಗೆದೆ. ಒಳಗೆ ಏನು ಬಣ್ಣ ಎಂದು ನೋಡಲಿಲ್ಲ. ಹೊಸ್ತಿಲಿನ ಆಚೆಗೆ ಇಟ್ಟು, ಬಾಗಿಲು ತೆರೆದೇ ಬಿಟ್ಟು, ಬಿಸಿಲು ಬಿದ್ದ ಜಾಗದಲ್ಲಿ ಬಂದು ಕುಳಿತೆ. ಎರಡೂ ಕೈಗಳನ್ನು ಮೊಣಕಾಲ ಮೇಲೆ ಇಟ್ಟುಕೊಂಡೆ.

ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಗೇರು ಬದಲಿಸುವ ಸದ್ದು ಕೇಳಿಸಿತು.